ಗಾಂಜಾ ಮತ್ತು ಜೀನ್: ತಲೆಮಾರು ಎಣಿಸುವ ಲೆಕ್ಕ

‘ಗಾಂಜಾ ಸೇದಿದರೆ ಜೀನ್ ಕೆಡುತ್ತೆ’ ಅನ್ನೋ ಒಂದೇ ಮಾತಿನಲ್ಲಿ ಮೂರು ಪ್ರಶ್ನೆ ಸೇರಿಕೊಂಡಿವೆ. ಸೇದಿದವನ ಡಿಎನ್‌ಎ ಮೇಲೆ ಏನಾಗುತ್ತೆ? ಹುಟ್ಟಿನಿಂದ ಬಂದ ಜೀನ್ ಗಾಂಜಾದ ಅಪಾಯವನ್ನು ಹೆಚ್ಚಿಸುತ್ತಾ? ಆದ ಬದಲಾವಣೆ ಮಕ್ಕಳಿಗೆ ದಾಟುತ್ತಾ? ವೈದ್ಯಕೀಯ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇವನ್ನು ಕಲಸಿದರೆ ಅಂಕ ಹೋಗುತ್ತೆ. ಒಪಿಡಿಯಲ್ಲಿ ಕಲಸಿ ಹೇಳಿದರೆ ಜಗಳೂರಿನಿಂದ ಮಗನನ್ನು ಕರೆತಂದ ಅಪ್ಪ ಅಮ್ಮ ಮೊಮ್ಮಕ್ಕಳ ಚಿಂತೆಯನ್ನೂ ಹೊತ್ತುಕೊಂಡು ವಾಪಸ್ ಹೋಗ್ತಾರೆ.

ಸೇದಿದವನಲ್ಲಿ

ಡಿಎನ್‌ಎಯ ಅಕ್ಷರವೇ ಬದಲಾದರೆ ಅದು ಉತ್ಪರಿವರ್ತನೆ. ಇಲ್ಲಿ ಹೆಚ್ಚಾಗಿ ಅಧ್ಯಯನ ಆಗಿರೋದು ಅದಲ್ಲ, ಮಿಥೈಲೇಷನ್. ಸೈಟೊಸಿನ್ ಅನ್ನೋ ಅಕ್ಷರದ ಪಕ್ಕ ಗ್ವಾನಿನ್ ಅನ್ನೋ ಅಕ್ಷರ ಬರುವ ಜಾಗಕ್ಕೆ ಸಿಪಿಜಿ ಅಂತಾರೆ. ಅಲ್ಲಿನ ಸೈಟೊಸಿನ್‌ಗೆ ಒಂದು ಮಿಥೈಲ್ ಗುಂಪು ಅಂಟುತ್ತೆ, ಅಥವಾ ಇದ್ದದ್ದು ಕಳಚುತ್ತೆ. ಸೂಳೆಕೆರೆಯಲ್ಲಿ ನೀರು ಅಷ್ಟೇ ಇದ್ದರೂ ಗದ್ದೆಗೆ ಬರೋದು ತೂಬು ಎತ್ತಿದಷ್ಟೇ. ಜೀನ್ ಕಥೆಯೂ ಹಾಗೇ. ಜೀನ್ ಕೆಲಸಕ್ಕೆ ಚಾಲನೆ ಕೊಡುವ ಪ್ರೊಮೋಟರ್ ಜಾಗದಲ್ಲಿ ಮಿಥೈಲ್ ಹೆಚ್ಚಾದರೆ ಸಾಮಾನ್ಯವಾಗಿ ಆ ಜೀನ್‌ನ ಕೆಲಸ ತಗ್ಗುತ್ತೆ.

ಅಮೆರಿಕದ ಕಾರ್ಡಿಯಾ ಅಧ್ಯಯನದ ಸುಮಾರು 1,000 ವಯಸ್ಕರ ರಕ್ತವನ್ನು 5 ವರ್ಷದ ಅಂತರದಲ್ಲಿ ಎರಡು ಸಲ ನೋಡಿದ ವರದಿ 2023ರಲ್ಲಿ ಬಂತು. ಇತ್ತೀಚಿನ ಸೇವನೆಗೆ ತಳುಕು ಹಾಕಿಕೊಂಡ ಸಿಪಿಜಿ ಜಾಗಗಳು ಮೊದಲ ರಕ್ತದಲ್ಲಿ 22, ಎರಡನೆಯದರಲ್ಲಿ 132. ಒಟ್ಟು ಸೇವನೆಗೆ 31 ಮತ್ತು 16. ಅದೇ ಜನರಲ್ಲೇ ಸಂಖ್ಯೆ ಇಷ್ಟು ಜಿಗಿದಾಡುವಾಗ ಪಟ್ಟಿಯನ್ನು ಉರು ಹೊಡೆಯೋದು ದಂಡ. ಜೊತೆಗೆ ಇದು ರಕ್ತಕಣದ ಮಿಥೈಲೇಷನ್, ಮಿದುಳಿನದ್ದಲ್ಲ. ಸಿಕ್ಕ ಗುರುತುಗಳಲ್ಲಿ ಒಂದು ತಂಬಾಕಿಗೂ ಹೊಂದುವಂಥದ್ದು. ನಮ್ಮ ಕಡೆ ಸಿಗರೇಟಿನ ತಂಬಾಕು ಉದುರಿಸಿ ಸೊಪ್ಪಿನ ಜೊತೆ ಬೆರೆಸಿ ಮತ್ತೆ ತುಂಬೋದೇ ರೂಢಿ. ಹಾಗಾಗಿ ಯಾವುದು ಯಾರ ಗುರುತು ಅಂತ ಬಿಡಿಸೋದು ಇಲ್ಲಿ ಇನ್ನೂ ಕಷ್ಟ.

ತಲೆಮಾರಿನ ಲೆಕ್ಕ (ನಿಧಾನಕ್ಕೆ ಓದಿ)

‘ಮಗುವಿನಲ್ಲಿ ಬದಲಾವಣೆ ಕಂಡಿತು, ಆದ್ದರಿಂದ ಅನುವಂಶೀಯ’ ಅನ್ನೋದು ತಪ್ಪು. ಕೇಳಬೇಕಾದದ್ದು ಒಂದೇ: ಈ ತಲೆಮಾರಿನ ಜೀವಕೋಶಕ್ಕೆ ಗಾಂಜಾದಲ್ಲಿ ನಶೆ ತರುವ ರಾಸಾಯನಿಕವಾದ ಟಿಎಚ್‌ಸಿ ನೇರವಾಗಿ ತಾಗಿತ್ತೇ? ತಾಗಿದ್ದರೆ ಅದು ಒಡ್ಡಿಕೆಯ ಪರಿಣಾಮ, ಆನುವಂಶಿಕತೆ ಅಲ್ಲ.

ಗರ್ಭಿಣಿ ಸೇದಿದಳು ಅನ್ನಿ. ಅವಳು ಎಫ್0, ಅಂದರೆ ಲೆಕ್ಕ ಶುರುವಾಗುವ ತಲೆಮಾರು. ಟಿಎಚ್‌ಸಿ ಮಾಸು ದಾಟುತ್ತೆ, ಹಾಗಾಗಿ ಹೊಟ್ಟೆಯಲ್ಲಿರುವ ಮಗು, ಅಂದರೆ ಎಫ್1, ನೇರವಾಗಿ ಒಡ್ಡಿಕೊಂಡಿತು. ಇಲ್ಲಿಗೆ ನಿಲ್ಲಿಸಬೇಡಿ. ಹೆಣ್ಣು ಭ್ರೂಣವಾದರೆ ಅದರ ಅಂಡಾಣುಗಳು ಗರ್ಭದಲ್ಲೇ ತಯಾರಾಗ್ತವೆ. 20ನೇ ವಾರದ ಹೊತ್ತಿಗೆ 60–70 ಲಕ್ಷ ಇರುತ್ತವೆ. ಆ ಅಂಡಾಣು ಮುಂದಿನ ಎಫ್2. ಗಂಡು ಭ್ರೂಣದಲ್ಲೂ ವೀರ್ಯದ ಮೂಲಕೋಶ ಆಗಲೇ ಇದೆ. ಅಂದರೆ ಒಂದು ಬೀಡಿಗೆ ಅಜ್ಜಿ, ಮಗು, ಮೊಮ್ಮಗು ಮೂವರೂ ಒಂದೇ ಸಲಕ್ಕೆ ಒಡ್ಡಿಕೊಂಡರು. ತಾಗದ ಮೊದಲ ತಲೆಮಾರು ಎಫ್3, ಮರಿಮಗು. ಗುರುತು ಅಲ್ಲಿ ಕಂಡರೆ ಮಾತ್ರ ಆನುವಂಶಿಕ ಅನ್ನಬಹುದು.

ಗಂಡಸು ಸೇದಿದರೆ ಲೆಕ್ಕ ಒಂದು ಮೆಟ್ಟಿಲು ಇಳಿಯುತ್ತೆ. ಅವನು ಎಫ್0, ಅವನ ವೀರ್ಯಾಣುವೇ ಎಫ್1. ತಾಗದ ಮೊದಲ ತಲೆಮಾರು ಎಫ್2. ಬಸುರಿ ಅಲ್ಲದ ಹೆಂಗಸು ಸೇದಿದರೂ ಇದೇ ಲೆಕ್ಕ. ಗರ್ಭ ಇದ್ದರೆ 3, ಇಲ್ಲದಿದ್ದರೆ 2: ಅಂಗೈಯಲ್ಲಿ ಬರೆದುಕೊಳ್ಳುವಷ್ಟೇ ಚಿಕ್ಕ ಸೂತ್ರ.

ಇನ್ನೊಂದು ಅಡ್ಡಿ ಇದೆ. ಮಿಥೈಲ್ ಗುರುತುಗಳಲ್ಲಿ ಬಹುಪಾಲು ಎರಡು ಸಲ ಅಳಿಸಿ ಹೋಗ್ತವೆ, ಒಮ್ಮೆ ಭ್ರೂಣದ ಮೂಲ ಲಿಂಗಕೋಶಗಳಲ್ಲಿ, ಮತ್ತೊಮ್ಮೆ ಫಲೀಕರಣವಾದ ಕೂಡಲೇ. ಇಂಪ್ರಿಂಟೆಡ್ ಜೀನ್‌ಗಳು (ಅಪ್ಪನದೋ ಅಮ್ಮನದೋ ಒಂದೇ ಪ್ರತಿ ಕೆಲಸ ಮಾಡುವಂಥವು) ಎರಡನೇ ಅಳಿಸುವಿಕೆಯಿಂದ ತಪ್ಪಿಸಿಕೊಳ್ತವೆ. ಗಾಂಜಾದ ಗುರುತು ಮನುಷ್ಯರಲ್ಲಿ ಎಫ್3ಗೆ ತಲುಪುತ್ತೆ ಅಂತ ಸಾಬೀತಾಗಿಲ್ಲ.

ವೀರ್ಯದ ಬದಲಾವಣೆ ಮಾತ್ರ ಕಂಡಿದೆ. ಡ್ಯೂಕ್ ವಿಶ್ವವಿದ್ಯಾಲಯದವರು ಸೇದುವವರ ಮತ್ತು ಸೇದದವರ ವೀರ್ಯ ಹೋಲಿಸಿದಾಗ ಡಿಎಲ್‌ಜಿಎಪಿ2 ಸೇರಿ ಹಲವು ಜೀನ್‌ಗಳಲ್ಲಿ ಮಿಥೈಲೇಷನ್ ಬೇರೆಯಾಗಿತ್ತು. ಸೇದುವವರು 77 ದಿನ ಬಿಟ್ಟ ಮೇಲೆ ಆ ವ್ಯತ್ಯಾಸ ತಗ್ಗಿತು. 77 ಯಾಕೆ? ವೀರ್ಯಾಣು ತಯಾರಾಗೋಕೆ ಸುಮಾರು 74 ದಿನ ಬೇಕು. ಮಗು ಬೇಕು ಅನ್ನೋ ದಂಪತಿಗೆ ಹೇಳುವಾಗ ಹಿಡಿದುಕೊಳ್ಳಬೇಕಾದದ್ದು ಈ ಎರಡೂವರೆ ತಿಂಗಳನ್ನೇ.

ಹುಟ್ಟಿನ ಜೀನ್

ಸಿಒಎಂಟಿ ಜೀನ್‌ನ ವ್ಯಾಲ್ ರೂಪ ಇದ್ದವರು ಹದಿಹರೆಯದಲ್ಲಿ ಗಾಂಜಾ ಸೇದಿದರೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಅಪಾಯ ಹೆಚ್ಚು ಅಂತ 2005ರಲ್ಲಿ ಬಂತು, ಆಮೇಲಿನ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಇದೇ ಅಪಾಯಕ್ಕೆ ಅಧ್ಯಯನವಾದ ಇನ್ನೊಂದು ಜೀನ್ ಎಕೆಟಿ1, ಹೆಸರು ನೆನಪಿರಲಿ, ಅಷ್ಟು ಸಾಕು.

ದೇಹ, ಮನಸ್ಸು

ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಉಳಿಯುತ್ತೆ. ದಿನಾ ಸೇದುವವರ ಮೂತ್ರದಲ್ಲಿ ಬಿಟ್ಟ ವಾರಗಳ ಮೇಲೂ ಅದರ ಕುರುಹು ಸಿಗಬಹುದು, ಹಾಗಾಗಿ ಪಾಸಿಟಿವ್ ಬಂದರೆ ‘ಇವತ್ತೇ ಸೇದಿದ್ದಾನೆ’ ಅನ್ನೋ ಹಾಗಿಲ್ಲ. ಬಳಸಿದವರಲ್ಲಿ ಸುಮಾರು 9% ಜನ ಚಟಕ್ಕೆ ಬೀಳ್ತಾರೆ. ಹದಿಹರೆಯದಲ್ಲೇ ಶುರುಮಾಡಿದವರಲ್ಲಿ 6ಕ್ಕೆ ಒಬ್ಬರು.

10% ಅಥವಾ ಹೆಚ್ಚು ಟಿಎಚ್‌ಸಿ ಇರುವ ಮಾಲನ್ನು ದಿನಾ ಬಳಸುವವರಲ್ಲಿ ಸೈಕೋಸಿಸ್ ಸಂಭವ ಸುಮಾರು 5 ಪಟ್ಟು ಅಂತ 2019ರ ಯುರೋಪಿನ ಅಧ್ಯಯನ. ಐದು ಪಟ್ಟು ಅಂದರೆ ಐವರಲ್ಲಿ ಒಬ್ಬರು ಅಲ್ಲ. ಮೂಲ ಅಪಾಯ 100ಕ್ಕೆ 1 ಇದ್ದರೆ 5ರ ಆಸುಪಾಸು. ಐಕ್ಯೂ ವಿಷಯಕ್ಕೆ ನ್ಯೂಜಿಲೆಂಡಿನ ಡನೆಡಿನ್ ಅಧ್ಯಯನ ಹದಿಹರೆಯದಲ್ಲೇ ಶುರುಮಾಡಿ ಬಿಡದೆ ಸೇದಿದವರಲ್ಲಿ ಸುಮಾರು 8 ಅಂಕದ ಕುಸಿತ ತೋರಿಸಿತು, ಆದರೆ ಅವಳಿಗಳ ಹೋಲಿಕೆಯಲ್ಲಿ ಸೇದಿದವನಿಗೂ ಸೇದದವನಿಗೂ ಅಂಥ ವ್ಯತ್ಯಾಸ ಸಿಗಲಿಲ್ಲ.

ಪದೇಪದೇ ವಾಂತಿ, ಆಸಿಡಿಟಿ ಮಾತ್ರೆಗೆ ಬಗ್ಗಲ್ಲ, ಬಿಸಿನೀರು ಸ್ನಾನ ಮಾಡಿದರೆ ಆರಾಮ ಅಂತ ರೋಗಿ ಹೇಳಿದರೆ ಕ್ಯಾನಬಿಸ್ ಹೈಪರ್‌ಎಮೆಸಿಸ್ (ದೀರ್ಘಕಾಲ ಗಾಂಜಾ ಸೇದಿದ್ದರಿಂದ ಬರುವ ವಾಂತಿ) ನೆನಪಿಸಿಕೊಳ್ಳಿ. ವಾಂತಿ ತಡೆಯೋಕೆ ಅಂತ ಮತ್ತಷ್ಟು ಸೇದುವವರೂ ಉಂಟು.

ಹಿಸ್ಟರಿ ಬರೆಯುವಾಗ ‘ಗಾಂಜಾ: ಹೌದು’ ಅಂತ ಬಿಟ್ಟರೆ ಮೇಲಿನ ಯಾವುದೂ ಉಪಯೋಗಕ್ಕೆ ಬರಲ್ಲ. ಶುರುಮಾಡಿದ ವಯಸ್ಸು, ವಾರಕ್ಕೆ ಎಷ್ಟು ದಿನ, ಭಂಗಿಯೋ ಸೊಪ್ಪೋ ಚರಸ್ಸೋ, ತಂಬಾಕು ಬೆರೆಸ್ತಾರಾ, ಕೊನೆಯ ಸಲ ಯಾವಾಗ, ಮನೆಯಲ್ಲಿ ಯಾರಿಗಾದರೂ ಸೈಕೋಸಿಸ್ ಇತ್ತಾ, ಹೆಂಗಸಾದರೆ ಬಸುರಿಯೇ ಅಥವಾ ಹಾಲೂಡಿಸ್ತಾರಾ. ಕೊನೆಯದನ್ನು ಮೊದಲೇ ಕೇಳಿ, ಎದೆಹಾಲಿಗೂ ಟಿಎಚ್‌ಸಿ ಸೇರುತ್ತೆ.