ಗುರಿ ಯಾರದ್ದು? ಚಿಕಿತ್ಸೆಯ ಮೊದಲ ಭೇಟಿಗಳ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಗೋವಾದಲ್ಲಿ ಆಪ್ತಸಮಾಲೋಚನೆ ಕಲಿಯುತ್ತಿರುವ ಕನ್ನಡಿಗ ಗೆಳೆಯರಿಗಾಗಿ ಬರೆದ ಟಿಪ್ಪಣಿ ಇದು. ನಾವು ಪಠ್ಯವನ್ನು ಇಂಗ್ಲಿಷಿನಲ್ಲಿ ಓದುತ್ತೇವೆ, ತರಬೇತಿಯಲ್ಲಿ ಕೊಂಕಣಿ, ಹಿಂದಿ ಕೇಳುತ್ತೇವೆ. ಕೊನೆಗೆ ವಾಸ್ಕೊ, ಬಾಯ್ನಾ, ಝುವಾರಿನಗರದ ಕಡೆ ಬಾಗಲಕೋಟೆ, ವಿಜಯಪುರ, ಗದಗದಿಂದ ಬಂದು ನೆಲೆಸಿದವರ ಎದುರು ಕನ್ನಡದಲ್ಲಿ ಕೂರುವವರೂ ನಾವೇ. ಗುರಿ ನಿಗದಿ ಎಂಬ ಅಧ್ಯಾಯ ಪುಸ್ತಕದಲ್ಲಿ ನಾಲ್ಕು ಪುಟಕ್ಕೆ ಮುಗಿಯುತ್ತದೆ. ಎದುರಿಗೆ ಮನುಷ್ಯ ಕುಳಿತಾಗ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ, ಮುಗಿಯಲೂ ಬಾರದು.

ಮೊದಲು ಸಿದ್ಧಾಂತದ ಭಾಗ. ಚಿಕಿತ್ಸಕ ಮತ್ತು ಸಲಹಾರ್ಥಿಯ (ಸಹಾಯ ಕೇಳಿ ಬಂದವರ) ನಡುವಿನ ಮೈತ್ರಿಯಲ್ಲಿ ಮೂರು ಎಳೆಗಳಿವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು: ಗುರಿಯ ಬಗ್ಗೆ ಒಪ್ಪಿಗೆ, ಅದಕ್ಕಾಗಿ ಮಾಡಬೇಕಾದ ಕೆಲಸಗಳ ಬಗ್ಗೆ ಒಪ್ಪಿಗೆ, ಇಬ್ಬರ ನಡುವಿನ ಬಾಂಧವ್ಯ. ಯಾವ ಪದ್ಧತಿಯ ಚಿಕಿತ್ಸೆಗೂ ಇದು ಅನ್ವಯಿಸುತ್ತದೆ ಎಂಬುದು ಅವರ ವಾದ. ಓದುವಾಗ ನಾವೆಲ್ಲ ಮೂರನೆಯದರ ಕೆಳಗೆ ಗೆರೆ ಎಳೆಯುತ್ತೇವೆ, ಏಕೆಂದರೆ ಅದು ಕೇಳಲು ಹಿತ. ಆದರೆ ಬಾಂಧವ್ಯ ಚೆನ್ನಾಗಿದ್ದೂ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿರುವ ಭೇಟಿಗಳು ಬೇಕಾದಷ್ಟು ಇರುತ್ತವೆ. ಬೋರ್ಡಿನ್ ಒತ್ತು ಕೊಟ್ಟದ್ದು ಒಳ್ಳೆಯ ಗುರಿಗಲ್ಲ, ಇಬ್ಬರೂ ಒಪ್ಪಿದ ಗುರಿಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟಿಪ್ಪಣಿಗಾಗಿಯೇ ಕಟ್ಟಿದ್ದು, ಯಾರ ಕಥೆಯೂ ಅಲ್ಲ. ಬಾಯ್ನಾದಲ್ಲಿರುವ, ಮೂವತ್ತೈದರ ಆಸುಪಾಸಿನ ಹೆಂಗಸು. ಊರು ಬಾದಾಮಿ ಕಡೆ. ಇಲ್ಲಿ ಎರಡು ಮನೆಗಳಲ್ಲಿ ಅಡುಗೆ ಕೆಲಸ. ಒಮ್ಮೆ ಬಸ್ಸಿನಲ್ಲಿ ಎದೆ ಬಡಿದುಕೊಂಡು, ಉಸಿರು ಕಟ್ಟಿ, ಸತ್ತೇಹೋಗುತ್ತೇನೆ ಅನ್ನಿಸಿದ ಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಾರೆ. ಹೃದಯದ ತಪಾಸಣೆಯಲ್ಲಿ ಏನೂ ಕಂಡಿಲ್ಲ. ಕರೆತಂದ ಗಂಡ, "ಇವಳನ್ನು ಸ್ವಲ್ಪ ಸರಿಮಾಡಿ ಕೊಡಿ ಮೇಡಂ" ಎಂದು ಹೇಳಿ ಹೊರಗೆ ಕುಳಿತಿದ್ದಾರೆ.

"ನಿಮಗೆ ಏನಾಗಬೇಕು ಅಕ್ಕಾ?"

"ಈ ಹೆದರಿಕೆ ಹೋಗಬೇಕು ರೀ. ಮೊದಲಿನ ಹಾಗೆ ಆಗಬೇಕು."

ಇಷ್ಟಕ್ಕೇ ಕಡತದಲ್ಲಿ 'ಗುರಿ: ಆತಂಕ ನಿವಾರಣೆ' ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಅದು ದೂರು, ಗುರಿಯಲ್ಲ. ವರ್ತನಾ ವಿಜ್ಞಾನಿ ಆಗ್ಡೆನ್ ಲಿಂಡ್ಸ್‌ಲಿ 1960ರ ದಶಕದಲ್ಲಿ ಹೇಳಿದ ಒರಟು ಪರೀಕ್ಷೆಯೊಂದಿದೆ: ಸತ್ತ ಮನುಷ್ಯ ಮಾಡಬಲ್ಲದ್ದಾದರೆ ಅದು ವರ್ತನೆಯೇ ಅಲ್ಲ. ಹೆದರದಿರುವುದು, ಅಳದಿರುವುದು, ಜಗಳವಾಡದಿರುವುದು, ಕುಡಿಯದಿರುವುದು ಇವೆಲ್ಲವನ್ನೂ ಹೆಣ ನಮಗಿಂತ ಚೆನ್ನಾಗಿ ಮಾಡುತ್ತದೆ. ಹಾಗಾಗಿ 'ಬೇಡ'ದ ಹಿಂದೆ ಅಡಗಿರುವ 'ಬೇಕು' ಯಾವುದೆಂದು ಹುಡುಕಬೇಕು.

"ಹೆದರಿಕೆ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?"

"ಏನು ಮಾಡುವುದು ರೀ, ಆರಾಮವಾಗಿ ಇರುತ್ತಿದ್ದೆ."

"ಈ ಹೆದರಿಕೆಯಿಂದ ನಿಮ್ಮ ಕೈತಪ್ಪಿದ ಕೆಲಸ ಯಾವುದಾದರೂ ಇದೆಯೇ?"

"ಮಗನ ಕಿವಿಗೆ ಬಾಂಬೋಳಿ ಆಸ್ಪತ್ರೆಗೆ ಹೋಗಬೇಕಲ್ಲ, ಈಗ ನಾದಿನಿ ಕರೆದುಕೊಂಡು ಹೋಗುತ್ತಾಳೆ. ಡಾಕ್ಟರು ಏನು ಹೇಳಿದರು ಎಂದು ನಾನು ಅವಳ ಬಾಯಿಂದ ಕೇಳಬೇಕು."

ಗುರಿ ಸಿಕ್ಕಿದ್ದು ಇಲ್ಲಿ. ಮಗನನ್ನು ತಾನೇ ಬಾಂಬೋಳಿಗೆ ಕರೆದುಕೊಂಡು ಹೋಗುವುದು, ಡಾಕ್ಟರ ಮಾತನ್ನು ತಾನೇ ಕೇಳುವುದು. ಬಸ್ಸು ಅದಕ್ಕೆ ದಾರಿ ಮಾತ್ರ. ನಾವು 'ಬಸ್ ಪ್ರಯಾಣ' ಎಂದು ಬರೆದಿದ್ದರೆ ಮೂರನೆಯ ವಾರಕ್ಕೆ ಅವರು ಬರುವುದನ್ನು ನಿಲ್ಲಿಸಿದರೂ ಆಶ್ಚರ್ಯವಿರಲಿಲ್ಲ. ಸುಮ್ಮನೆ ಬಸ್ಸಿನಲ್ಲಿ ಓಡಾಡುವ ಆಸೆ ಯಾರಿಗೂ ಇರುವುದಿಲ್ಲ.

ಮಾತು ಹೀಗೆ ಹೊರಡದಿದ್ದಾಗ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆಸಿದ ಪರಿಹಾರ ಕೇಂದ್ರಿತ ಚಿಕಿತ್ಸೆಯ ಪವಾಡದ ಪ್ರಶ್ನೆ ನೆರವಿಗೆ ಬರುತ್ತದೆ. ಈ ರಾತ್ರಿ ನೀವು ನಿದ್ದೆಯಲ್ಲಿರುವಾಗ ಪವಾಡ ನಡೆದು ತೊಂದರೆ ಹೋಗಿಬಿಟ್ಟಿದೆ, ಆದರೆ ಅದು ನಿಮಗೆ ಗೊತ್ತಿಲ್ಲ. ಬೆಳಗ್ಗೆ ಎದ್ದಾಗ ಮೊದಲು ಯಾವುದರಿಂದ ತಿಳಿಯುತ್ತದೆ, ಮನೆಯಲ್ಲಿ ಯಾರು ಮೊದಲು ಗಮನಿಸುತ್ತಾರೆ? ಪವಾಡ ಎಂದ ಕೂಡಲೇ ಬಾದಾಮಿ ಕಡೆಯವರ ಮಾತು ಬನಶಂಕರಿಯ ಹರಕೆಯತ್ತ ಹೊರಳಬಹುದು. ಹೊರಳಲಿ. ಹರಕೆ ತೀರಿಸಲು ಊರಿಗೆ ಹೇಗೆ ಹೋಗುತ್ತೀರಿ ಎಂದು ಕೇಳಿದರೆ ಮತ್ತೆ ಬಸ್ಸಿನ ಬಳಿಗೇ ಬಂದಿರುತ್ತೇವೆ.

ಅದೇ ಪದ್ಧತಿಯ ಅಳತೆಯ ಪ್ರಶ್ನೆ ನನಗೆ ಇನ್ನೂ ಇಷ್ಟ. ಸೊನ್ನೆಯಿಂದ ಹತ್ತರವರೆಗೆ ಈಗ ಎಲ್ಲಿದ್ದೀರಿ? 'ಮೂರು' ಎಂದರೆ, ಹತ್ತು ಯಾಕಲ್ಲ ಎಂದು ಕೇಳಬಾರದು. ಎರಡು ಯಾಕಲ್ಲ ಎಂದು ಕೇಳಬೇಕು. ಆಗ ಅವರು ಈಗಾಗಲೇ ಮಾಡುತ್ತಿರುವ, ನಮಗೆ ಹೇಳದೇ ಇದ್ದ ಸಂಗತಿಗಳು ಹೊರಬೀಳುತ್ತವೆ: ಸಂತೆಗೆ ನಡೆದು ಹೋಗುತ್ತಾರೆ, ಪಕ್ಕದ ಮನೆಯವರ ಸ್ಕೂಟರಿನಲ್ಲಿ ಚಿಕಲಿಯವರೆಗೆ ಹೋಗಿದ್ದಾರೆ. ಆಮೇಲೆ, ನಾಲ್ಕಕ್ಕೆ ಬಂದಾಗ ಏನು ಬೇರೆ ಇರುತ್ತದೆ ಎಂದು ಕೇಳಬೇಕು.

ಗುರಿ ಸಿಕ್ಕ ಮೇಲೆ ಮೆಟ್ಟಿಲು ಕಟ್ಟುವ ಕೆಲಸ. ಹೆದರಿಕೆಯನ್ನು ಹಂತಹಂತವಾಗಿ ಎದುರಿಸುವ, ಮನೋವೈದ್ಯ ಜೋಸೆಫ್ ವೋಲ್ಪೆಯವರಿಂದ ಬಂದ ಪದ್ಧತಿಯಲ್ಲಿ ಪ್ರತಿ ಸನ್ನಿವೇಶಕ್ಕೂ ಸಲಹಾರ್ಥಿಯೇ ಸೊನ್ನೆಯಿಂದ ನೂರರೊಳಗೆ ತಳಮಳದ ಅಂಕ ಕೊಡುತ್ತಾರೆ. ವಾಸ್ಕೊ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಲ್ಲುವುದು, ನಿಂತ ಬಸ್ಸನ್ನು ಹತ್ತಿ ಇಳಿಯುವುದು, ದಾಬೋಳಿಯವರೆಗೆ ಹೋಗುವುದು, ಕುಠ್ಠಾಳಿ, ಝುವಾರಿ ಸೇತುವೆ, ಬಾಂಬೋಳಿ. ಕಲಿಯುವವರು ಎಡವುವುದು ಇಲ್ಲೇ: ಭೂಪಟ ನೋಡಿ ದೂರದ ಪ್ರಕಾರ ಮೆಟ್ಟಿಲು ಜೋಡಿಸುತ್ತಾರೆ. ಈ ಹೆಂಗಸಿಗೆ ಬಾಂಬೋಳಿಗೆ ಅರವತ್ತು, ಅದಕ್ಕಿಂತ ಮೊದಲೇ ಸಿಗುವ ಸೇತುವೆಗೆ ತೊಂಬತ್ತು ಇರಬಹುದು, ಯಾಕೆಂದರೆ ಸೇತುವೆಯ ಮೇಲೆ ಬಸ್ಸು ನಿಲ್ಲಿಸಿ ಇಳಿಯುವಂತಿಲ್ಲ. ಅವರಿಗೆ ದೂರದ ಹೆದರಿಕೆಯಲ್ಲ, ತಪ್ಪಿಸಿಕೊಳ್ಳಲಾಗದ ಜಾಗದ ಹೆದರಿಕೆ. ಅಂಕಗಳನ್ನು ಅವರ ಬಾಯಿಂದಲೇ ಕೇಳದಿದ್ದರೆ ಇದು ತಿಳಿಯುವುದಿಲ್ಲ. ಇನ್ನೊಂದು ಎಚ್ಚರ: 'ಹೆದರಿಕೆ ಇಲ್ಲದೆ ಕುಠ್ಠಾಳಿಗೆ ಹೋಗುವುದು' ಎಂದು ಬರೆಯಬೇಡಿ. 'ಹೆದರಿಕೆ ಬಂದರೂ ಇಳಿಯದೆ ಕುಠ್ಠಾಳಿಯವರೆಗೆ ಕುಳಿತಿರುವುದು' ಎಂದು ಬರೆಯಿರಿ. ಮೊದಲನೆಯದು ಅವರ ಕೈಯಲ್ಲಿಲ್ಲ, ಎರಡನೆಯದು ಇದೆ.

ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಅದಕ್ಕೆ ಕಾಲಮಿತಿ ಇರಬೇಕು ಎಂದೆಲ್ಲ ಹೇಳುವ ಸ್ಮಾರ್ಟ್ (SMART) ಸೂತ್ರದ ಬಗ್ಗೆ ಎರಡು ಮಾತು ಸಾಕು. ಅದು 1981ರಲ್ಲಿ ಜಾರ್ಜ್ ಡೋರನ್ ಎಂಬವರು ಆಡಳಿತ ನಿರ್ವಹಣೆಯ ಪತ್ರಿಕೆಯೊಂದರಲ್ಲಿ ಬರೆದದ್ದು, ಕಂಪನಿಯ ಮೇಲಧಿಕಾರಿಗಳಿಗಾಗಿ. ಮೂಲದಲ್ಲಿ ಅದರ ಒಂದು ಅಂಶ ಕೆಲಸವನ್ನು ಯಾರಿಗೆ ವಹಿಸಬೇಕು ಎಂಬುದಾಗಿತ್ತು. ಕಚೇರಿಯಲ್ಲಿ ಗುರಿ ವಹಿಸಬಹುದು, ಚಿಕಿತ್ಸೆಯಲ್ಲಿ ಆಗದು. ಗುರಿ ಹುಟ್ಟಿದ ಮೇಲೆ ಅದನ್ನು ಸ್ಪಷ್ಟಗೊಳಿಸಲು ಸೂತ್ರ ಉಪಯುಕ್ತ, ಹುಟ್ಟಿಸಲು ನಿರುಪಯುಕ್ತ.

ಈಗ ಹೊರಗೆ ಕುಳಿತ ಗಂಡನ ವಿಷಯ. ನಮ್ಮಲ್ಲಿ ತಾವಾಗಿಯೇ ಬರುವವರಿಗಿಂತ ಕಳಿಸಲ್ಪಟ್ಟು ಬರುವವರೇ ಹೆಚ್ಚೇನೋ ಎಂದು ನನಗೆ ಅನ್ನಿಸುತ್ತದೆ. ಡಿ ಶೇಜರ್ ಬಂದವರನ್ನು ಮೂರು ಬಗೆಯಾಗಿ ನೋಡುತ್ತಿದ್ದರು: ಸುಮ್ಮನೆ ಬಂದ ಅತಿಥಿ, ದೂರು ತಂದವರು, ಬದಲಾಗಲು ಸಿದ್ಧರಾಗಿ ಬಂದ ಗಿರಾಕಿ. ಹೆಂಡತಿಯ ಒತ್ತಾಯಕ್ಕೆ ಬಂದ, ಬಂದರಿನಲ್ಲಿ ದುಡಿಯುವ ಗಂಡಸೊಬ್ಬ 'ನಾನು ಕುಡಿಯುವುದು ಮೈಕೈ ನೋವಿಗೆ' ಎಂದರೆ ಆತ ಅತಿಥಿ. ಅವನ ಹೆಸರಿನಲ್ಲಿ 'ಮದ್ಯಪಾನ ನಿಲ್ಲಿಸುವುದು' ಎಂದು ಬರೆದುಕೊಂಡರೆ ಅದು ಹೆಂಡತಿಯ ಗುರಿ, ನಮ್ಮ ಕೈಬರಹ. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಮುಂದೆ ಸ್ಟೀಫನ್ ರೋಲ್ನಿಕ್ ಜೊತೆ ಬೆಳೆಸಿದ ಪ್ರೇರಣಾ ಸಂದರ್ಶನದ ದಾರಿ ಬೇರೆ: ಬದಲಾವಣೆಯ ಪರವಾದ ಮಾತು ಚಿಕಿತ್ಸಕರ ಬಾಯಿಂದಲ್ಲ, ಬಂದವರ ಬಾಯಿಂದ ಬರಬೇಕು. ನಾವು ಬದಲಾವಣೆಯ ಪರ ವಾದಿಸಿದಷ್ಟೂ ಅವರು ಕುಡಿತದ ಪರ ವಾದಿಸುತ್ತಾರೆ. ಆತನದೇ ಗುರಿ 'ಸಂಬಳದ ದಿನ ದುಡ್ಡು ಪೂರ್ತಿ ಮನೆಗೆ ತರುವುದು' ಎಂದಿರಬಹುದು. ಅಲ್ಲಿಂದಲೇ ಹೊರಡಿ, ದಾರಿಯಲ್ಲಿ ಬಾರು ಸಿಕ್ಕೇ ಸಿಗುತ್ತದೆ, ಗೋವಾ ಅಲ್ಲವೇ.

ಖಿನ್ನತೆಯಲ್ಲಿ ಗುರಿಯ ಗಾತ್ರವೇ ದೊಡ್ಡ ಸಮಸ್ಯೆ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯುವವರಿಗೆ, ಮೊದಲು ಸಣ್ಣ ಕೆಲಸ, ಮನಸ್ಸು ಅದರ ಹಿಂದೆ ಬರುತ್ತದೆ ಎಂದು ತೋರಿಸುವುದೇ ವರ್ತನಾ ಸಕ್ರಿಯಗೊಳಿಸುವಿಕೆ. ಇದಕ್ಕೆ ಜಗತ್ತು ಉಲ್ಲೇಖಿಸುವ ಒಳ್ಳೆಯ ಪುರಾವೆಯೊಂದು ನಮ್ಮ ಗೋವಾದ್ದೇ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ಸಂಗಾತ್ ಸಂಸ್ಥೆಯು ಇಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ಮಂದಿಯನ್ನು ಒಳಗೊಂಡು ಅಧ್ಯಯನ ನಡೆಸಿತು. ಮನೋವೈದ್ಯಕೀಯದ ಹಿನ್ನೆಲೆಯಿಲ್ಲದ ಸ್ಥಳೀಯರೇ ತರಬೇತಿ ಪಡೆದು, ಆರರಿಂದ ಎಂಟು ಭೇಟಿಗಳಲ್ಲಿ ಈ ಚಿಕಿತ್ಸೆ ಕೊಟ್ಟರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಮೂರು ತಿಂಗಳ ನಂತರ ಚಿಕಿತ್ಸೆ ಪಡೆದವರಲ್ಲಿ ಶೇ. 64ರಷ್ಟು ಮಂದಿಯ ಖಿನ್ನತೆ ಇಳಿದಿತ್ತು. ಸುಧಾರಿತ ಸಾಮಾನ್ಯ ಆರೈಕೆಯಷ್ಟೇ ಸಿಕ್ಕವರಲ್ಲಿ ಅದು ಶೇ. 39. ನಮ್ಮ ಪಾಲಿಗೆ ಇದರ ಅರ್ಥ: 'ದಿನವೂ ವ್ಯಾಯಾಮ' ಎಂದು ಬರೆಸುವ ಬದಲು 'ಬುಧವಾರ ಸಂಜೆ ಅಕ್ಕನಿಗೆ ಫೋನ್ ಮಾಡುವುದು' ಎಂದು ಬರೆಸಿ, ಮುಂದಿನ ಭೇಟಿಯಲ್ಲಿ ಮರೆಯದೆ ಅದನ್ನೇ ಕೇಳಿ. ಆಗಲಿಲ್ಲವೆಂದರೆ ಸಬೂಬು ಎಂದುಕೊಳ್ಳದೆ, ಅಡ್ಡ ಬಂದದ್ದೇನು ಎಂದು ವಿಚಾರಿಸಿ. ಮುಂದಿನ ಗುರಿ ಅನೇಕ ಸಲ ಆ ಅಡ್ಡಿಯಲ್ಲೇ ಇರುತ್ತದೆ.

ಆತ್ಮಹತ್ಯೆಯ ಯೋಚನೆ ಇರುವವರ ಜೊತೆ ಈ ಕ್ರಮವೆಲ್ಲ ಬದಿಗೆ. ಆಗ ಮೊದಲ ಗುರಿ ಸುರಕ್ಷತೆ, ಅದನ್ನು ಚಿಕಿತ್ಸಕರೇ ಮುಂದಿಡಬೇಕು. ಮೇಲ್ವಿಚಾರಕರಿಗೆ ಅದೇ ದಿನ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು ಎಂಬುದನ್ನು ಬಂದವರಿಗೆ ಹೇಳಿಡಿ.

ಪ್ರಗತಿ ಅಳೆಯಲು ಅನೇಕ ಕಡೆ ಖಿನ್ನತೆಯ ತೀವ್ರತೆ ತೋರಿಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಬಳಸುತ್ತಾರೆ, ಅಂಕ 0ಯಿಂದ 27ರವರೆಗೆ. ಅದು ಲಕ್ಷಣಗಳನ್ನು ಅಳೆಯುತ್ತದೆ, ಬಾಂಬೋಳಿಯನ್ನಲ್ಲ. ಅದಕ್ಕೆ 1968ರಲ್ಲಿ ಕಿರೆಸುಕ್ ಮತ್ತು ಶೆರ್ಮನ್ ರೂಪಿಸಿದ ಗುರಿಸಾಧನೆಯ ಅಳತೆಪಟ್ಟಿ ಹೊಂದುತ್ತದೆ: ನಿರೀಕ್ಷಿಸಿದಷ್ಟು ಆದರೆ 0, ಹೆಚ್ಚಾದರೆ +1, +2, ಕಡಿಮೆಯಾದರೆ -1, -2. ನಮ್ಮ ಉದಾಹರಣೆಯಲ್ಲಿ ನಾದಿನಿಯ ಜೊತೆಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಡಾಕ್ಟರ ಬಳಿ ತಾನೇ ಮಾತಾಡುವುದು 0, ಮಗನೊಂದಿಗೆ ಒಬ್ಬರೇ ಹೋಗುವುದು +1. ನಾಲ್ಕಾರು ಭೇಟಿಗೊಮ್ಮೆ ಪಟ್ಟಿ ತೆಗೆದು, ಈ ಗುರಿ ಇನ್ನೂ ನಿಮಗೆ ಬೇಕೇ ಎಂದು ಕೇಳಬೇಕು. ಬೇಡ ಎಂದರೆ ಹೊಡೆದುಹಾಕಿ ಹೊಸದು ಬರೆಯಬಹುದು; ಅದನ್ನು ಚಿಕಿತ್ಸೆಯ ಸೋಲೆಂದು ಲೆಕ್ಕ ಹಾಕುವ ಅಗತ್ಯವಿಲ್ಲ.

ಈ ಪಟ್ಟಿಯನ್ನು ಯಾರಿಗೆ ತೋರಿಸಬಹುದು ಎಂಬುದು ಪ್ರಾಯೋಗಿಕ ತರಬೇತಿಯಲ್ಲಿ ಖಂಡಿತ ಎದುರಾಗುವ ಪ್ರಶ್ನೆ. ಗಂಡ ಫೋನ್ ಮಾಡಿ, 'ಎಲ್ಲಿಯವರೆಗೆ ಬಂತು ಮೇಡಂ, ಇನ್ನೆಷ್ಟು ದಿನ?' ಎಂದು ಕೇಳುತ್ತಾರೆ. ಕಾಳಜಿಯಿಂದಲೇ ಕೇಳುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೆಯ ವಿಧಿ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ವ್ಯಕ್ತಿಯ ಹಕ್ಕಾಗಿಸಿದೆ. ಜೀವಾಪಾಯದಂಥ ಕೆಲವು ವಿನಾಯಿತಿಗಳಷ್ಟೇ ಅದಕ್ಕಿವೆ. ಹಾಗಾಗಿ ಮನೆಯವರಿಗೆ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ಗುರಿ ಬರೆಯುವ ದಿನವೇ ಆ ಅಕ್ಕನ ಬಳಿ ಕೇಳಿ ಬರೆದಿಟ್ಟುಕೊಳ್ಳಿ. 'ನಾದಿನಿಗೆ ಹೇಳಿ, ಗಂಡನಿಗೆ ಈಗಲೇ ಬೇಡ' ಎಂದರೆ, ಫೋನಿಗೆ ಉತ್ತರ: "ಅವರನ್ನೇ ಕೇಳಿ ಅಣ್ಣಾ, ಅವರು ಹೇಳುತ್ತಾರೆ."