ಮನೆಯಲ್ಲೇ ಸಂಜೆ ಪೂಲ್ ಪಾರ್ಟಿ: ನೀರಿಗಿಳಿಯದವರನ್ನು ಏನು ಮಾಡೋದು?

ಓದುಗರ ಪ್ರಶ್ನೆ: ಮೈಸೂರಿನ ಹೊರಗಡೆ ಮನೆ ಕಟ್ಟಿಸಿದ್ದೇವೆ. ಹಿತ್ತಲಲ್ಲಿ 20 ಅಡಿ ಉದ್ದ, 10 ಅಡಿ ಅಗಲದ ಚಿಕ್ಕ ಪೂಲ್ ಇದೆ, ನಾಲ್ಕು ಅಡಿ ಆಳ. ಏಪ್ರಿಲ್ ಕೊನೆಗೆ ನಮ್ಮ ಮದುವೆಯಾಗಿ 15 ವರ್ಷ. ಅವತ್ತು ಸಂಜೆ ಇಪ್ಪತ್ತೈದು ಜನರನ್ನು ಕರೆಯೋಣ ಅಂತಿದ್ದೇವೆ. ಅತ್ತೆ-ಮಾವ, ಚಿಕ್ಕ ಮಕ್ಕಳು, ಆಫೀಸಿನವರು ಎಲ್ಲ ಇರ್ತಾರೆ. ಎಲ್ಲರಿಗೂ ಖುಷಿಯಾಗಬೇಕು, ನೆನಪಲ್ಲಿ ಉಳೀಬೇಕು. ಹೇಗೆ ಮಾಡೋದು?

ಉತ್ತರ: ಮೊದಲು ಪಟ್ಟಿ ಹಿಡಿದು ಕೂತು ಒಂದು ಲೆಕ್ಕ ಹಾಕಿ. ಇಪ್ಪತ್ತೈದು ಜನರಲ್ಲಿ ನಿಜಕ್ಕೂ ನೀರಿಗಿಳಿಯುವವರು ಎಷ್ಟು? ನಾನು ಹತ್ತು ಅಂತೀನಿ. ಮಕ್ಕಳು ನಾಲ್ಕೈದು, ಆಫೀಸಿನ ಹುಡುಗರು ಮೂರು ನಾಲ್ಕು, ಉತ್ಸಾಹದ ಚಿಕ್ಕಪ್ಪ ಒಬ್ಬರು. ನಿಮ್ಮ ಪೂಲ್‌ಗೆ ಹತ್ತು ಜನ ಇಳಿದರೆ ಅದೇ ಜಾಸ್ತಿ. ಉಳಿದ ಹದಿನೈದು ಜನ ಸೀರೆ ಉಟ್ಟು, ಪ್ಯಾಂಟ್ ಹಾಕಿಕೊಂಡು, ಮಂಡಿನೋವು ಇಟ್ಟುಕೊಂಡು ಬಂದವರು. ಅಂದರೆ ನಿಮ್ಮ ಪಾರ್ಟಿ ನಡೆಯೋದು ನೀರಲ್ಲಲ್ಲ, ದಡದಲ್ಲಿ.

ಇದು ನನಗೆ ಗೊತ್ತಾಗಿದ್ದು ಒಂದು ಸಲ ಕೆಡಿಸಿಕೊಂಡ ಮೇಲೆ. ನಾವು ಮೊದಲ ಸಲ ಮಾಡಿದಾಗ ಎಲ್ಲ ಗಮನ ನೀರಿನ ಮೇಲೇ ಇತ್ತು. ಗಾಳಿ ತುಂಬಿದ ಬಾತುಕೋಳಿ, ಬಣ್ಣದ ಚೆಂಡು, ತೇಲೋ ತಟ್ಟೆ, ಎಲ್ಲ ತಂದಿದ್ದೆವು. ಆರೂವರೆಗೆ ಒಳಗೆ ಹೋಗಿ ನೋಡಿದರೆ ದೊಡ್ಡಮ್ಮ, ಸೋದರತ್ತೆ, ಪಕ್ಕದ ಮನೆಯವರು ಹಾಲ್‌ನಲ್ಲಿ ಸಾಲಾಗಿ ಕೂತು ಧಾರಾವಾಹಿ ನೋಡುತ್ತಿದ್ದಾರೆ! ಹೊರಗೆ ಅವರಿಗೆ ಕೂರೋಕೆ ಒಣಗಿದ ಜಾಗವೇ ಇರಲಿಲ್ಲ. ಕುರ್ಚಿಗಳ ಮೇಲೆಲ್ಲ ಒದ್ದೆ ಟವೆಲ್.

ಹಾಗಾಗಿ ಕುರ್ಚಿಗಳನ್ನು ಗೋಡೆಗೆ ಒತ್ತಿ ಸಾಲಾಗಿ ಹಾಕಬೇಡಿ, ಅದು ಮದುವೆ ಛತ್ರದ ಥರ ಆಗಿಬಿಡುತ್ತದೆ. ಪೂಲ್‌ನ ಒಂದು ಬದಿಗೆ, ಅಂಚಿನಿಂದ ಒಂದು ಮಾರು ಬಿಟ್ಟು, ಅರ್ಧಚಂದ್ರದ ಹಾಗೆ ಹಾಕಿ. ಒದ್ದೆ ಬಟ್ಟೆಯವರು ಕೂರೋಕೆ ಪ್ಲಾಸ್ಟಿಕ್ ಸ್ಟೂಲು, ಒಣಗಿದವರಿಗೆ ಬೆತ್ತದ ಕುರ್ಚಿ ಅಂತ ಮೊದಲೇ ಬೇರೆ ಮಾಡಿ. ಟವೆಲ್‌ಗೆ ಒಂದು ಹಗ್ಗ ಕಟ್ಟಿಬಿಡಿ, ಕುರ್ಚಿ ಉಳಿಯುತ್ತದೆ. ಅಂಚಿನ ಒಂದು ಬದಿಗೆ ಹಳೇ ಜಮಖಾನ ಹಾಸಿ, ಕಾಲು ಇಳಿಬಿಟ್ಟು ಕೂರುವವರಿಗೆ. ನೆಂದರೆ ನೆನೆಯಲಿ.

ಈ ಕಾಲು ಇಳಿಬಿಟ್ಟು ಕೂತವರಿಗೆ ಒಂದು ಆಟ ಇದೆ, ನಿಮಗೂ ಗೊತ್ತು. ಕೆರೆ-ದಡ! ಶಾಲೆಯಲ್ಲಿ ಗೆರೆ ಎಳೆದು ಆಡುತ್ತಿದ್ದೆವಲ್ಲ, ಅದೇ. ಇಲ್ಲಿ ಹಾರೋದು ಬೇಡ, ಹಾರಿದರೆ ಜಾರುತ್ತಾರೆ. ಎಲ್ಲರೂ ಅಂಚಿನಲ್ಲಿ ಕೂರಬೇಕು. "ಕೆರೆ" ಅಂದರೆ ಕಾಲು ನೀರಿಗೆ, "ದಡ" ಅಂದರೆ ಕಾಲು ಮೇಲಕ್ಕೆ. "ಕೆರೆ, ದಡ, ಕೆರೆ, ಕೆರೆ" ಅಂತ ಬೇಗ ಬೇಗ ಹೇಳಿ, ತಪ್ಪಿದವರು ಔಟು. ನಮ್ಮ ಎರಡನೇ ಪಾರ್ಟಿಯಲ್ಲಿ ಗೆದ್ದಿದ್ದು ಅದೇ ಸೋದರತ್ತೆ, 68 ವರ್ಷ. ಸೀರೆ ನೆರಿಗೆ ಮಂಡಿವರೆಗೆ ಎತ್ತಿ ಹಿಡಿದು, ಕೊನೆಗೆ ಉಳಿದ ಎಂಟು ವರ್ಷದ ಹುಡುಗನನ್ನು ಸೋಲಿಸಿದರು. ಇವತ್ತಿಗೂ ಯಾರ ಮನೆಗೆ ಹೋದರೂ ಅದನ್ನೇ ಹೇಳುತ್ತಾರೆ. ಬಾಡಿಗೆಗೆ ತಂದ ಡಿಜೆ ಲೈಟ್ ಯಾರಿಗೂ ನೆನಪಿಲ್ಲ.

ಒಂದು ಆಟ ಮಾತ್ರ ಬೇಡವೇ ಬೇಡ. "ಯಾರು ಜಾಸ್ತಿ ಹೊತ್ತು ಮುಳುಗಿ ಇರ್ತಾರೆ ನೋಡೋಣ" ಅನ್ನೋದು. ಜೋರಾಗಿ ನಾಲ್ಕಾರು ಸಲ ಉಸಿರೆಳೆದು ಮುಳುಗಿದವರಿಗೆ ಉಸಿರು ಬೇಕು ಅನ್ನೋ ಒತ್ತಡ ಬರುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರಿಗೂ ಹೀಗಾಗುತ್ತದೆ.

ಇನ್ನು ಸಮಯ. ಕಾರ್ಡಿನಲ್ಲಿ "ಸಂಜೆ ಏಳಕ್ಕೆ" ಅಂತ ಹಾಕಬೇಡಿ. ಏಪ್ರಿಲ್ ಕೊನೆಗೆ ಮೈಸೂರಿನಲ್ಲಿ ಸೂರ್ಯ ಮುಳುಗೋದು ಆರೂವರೆ ದಾಟಿದ ಮೇಲೆ. ಇಡೀ ದಿನ ಬಿಸಿಲಿಗೆ ಕಾದ ನೀರು ಐದರ ಹೊತ್ತಿಗೆ ಹದವಾಗಿರುತ್ತದೆ. ಐದಕ್ಕೆ ಕರೆಯಿರಿ, ಐದೂವರೆಗೆ ಬರ್ತಾರೆ. ಏಳರವರೆಗೆ ನೀರು, ಆಮೇಲೆ ಊಟ, ಹಾಡು, ಹರಟೆ. ಕತ್ತಲಾದ ಮೇಲೂ ಈಜಬೇಕು ಅಂದರೆ ಒಂದು ಪರೀಕ್ಷೆ ಇದೆ: ದಡದಲ್ಲಿ ನಿಂತು ನೋಡಿದರೆ ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣಲಿಲ್ಲವಾ, ಎಲ್ಲರೂ ಮೇಲೆ. ತಳ ಕಾಣದ ನೀರಲ್ಲಿ ತಳಕ್ಕೆ ಹೋದವರೂ ಕಾಣೋದಿಲ್ಲ.

ಏಪ್ರಿಲ್ ಅಂದಿದ್ದೀರಿ, ಹಾಗಾಗಿ ಇನ್ನೊಂದು ಮಾತು. ಅದು ಮಾವಿನ ಮಳೆಯ ಕಾಲ. ಮಧ್ಯಾಹ್ನ ಸುಡು ಬಿಸಿಲು, ಸಂಜೆ ಗುಡುಗು. ಗುಡುಗಿನ ಸದ್ದು ಕೇಳಿಸಿತು ಅಂದರೆ ಸಿಡಿಲು ಬಡಿಯುವಷ್ಟು ಹತ್ತಿರ ಇದೆ ಅಂತಲೇ ಅರ್ಥ. ಎಲ್ಲರನ್ನೂ ಮೇಲೆ ಹತ್ತಿಸಿ ಮನೆಯೊಳಗೆ ಕಳಿಸಿ. ಕೊನೆಯ ಗುಡುಗಾಗಿ 30 ನಿಮಿಷ ಆಗುವವರೆಗೆ ಯಾರೂ ಇಳಿಯೋದು ಬೇಡ. ಮಕ್ಕಳು ಗೋಳಾಡ್ತಾರೆ. ಗೋಳಾಡಲಿ, ಅಷ್ಟರಲ್ಲಿ ಪಡ್ಡು ಹಾಕಿಕೊಡಿ.

ಈಗ ನಿಜವಾದ ವಿಷಯ. ಇದನ್ನು ಹೇಳದೆ ಮುಂದೆ ಹೋಗೋದಿಲ್ಲ.

ನಮ್ಮ ಮೊದಲ ಪಾರ್ಟಿಯಲ್ಲಿ ನನ್ನ ತಂಗಿಯ ಮಗ ನೀರಲ್ಲಿದ್ದ, ಆರು ವರ್ಷ. ಸೊಂಟಕ್ಕೆ ಟ್ಯೂಬ್ ಇತ್ತು, ಹಾಗಾಗಿ ನಮಗೆಲ್ಲ ಧೈರ್ಯ. ಆ ಟ್ಯೂಬೇ ಮಗುಚಿಕೊಂಡಿತು. ಕಾಲು ಮೇಲೆ, ತಲೆ ಕೆಳಗೆ. ಎರಡು ಮಾರು ದೂರದಲ್ಲಿ ನಾವು ನಾಲ್ಕು ಜನ ದೊಡ್ಡವರು ನಿಂತು ಸೈಟು ರೇಟಿನ ಬಗ್ಗೆ ಮಾತಾಡುತ್ತಿದ್ದೆವು. ಕೂಗು ಇಲ್ಲ, ಕೈ ಬಡಿಯೋದಿಲ್ಲ, ಸದ್ದೇ ಇಲ್ಲ. ನೋಡಿದ್ದು ತಟ್ಟೆ ತರುತ್ತಿದ್ದ ಅಡುಗೆಯವರ ಹುಡುಗ. ತಟ್ಟೆಗಳನ್ನು ಅಲ್ಲೇ ಕೆಡವಿ ಇಳಿದುಬಿಟ್ಟ. ಮಗು ಎರಡು ಸಲ ಕೆಮ್ಮಿ, ಜೋರಾಗಿ ಅಳೋಕೆ ಶುರು ಮಾಡಿತು. ಸ್ಟೀಲ್ ತಟ್ಟೆಗಳು ಉರುಳಿ ಉರುಳಿ ನಿಲ್ಲುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮುಳುಗೋದು ಸಿನಿಮಾದಲ್ಲಿ ತೋರಿಸುವ ಹಾಗೆ ಇರೋದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಾಡೋಕೇ ಸಮಯ ಇಲ್ಲ, ಇನ್ನು ಕೂಗೋದೆಲ್ಲಿ. ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಹಾಗಾಗಿ "ಎಲ್ಲರೂ ನೋಡ್ತಿರ್ತಾರೆ ಬಿಡಿ" ಅನ್ನೋದು ಯಾರೂ ನೋಡದೇ ಇರೋದಕ್ಕೆ ಸಮ. ಒಂದು ವಿಶಲ್ ತನ್ನಿ, ಪಿ.ಟಿ. ಮಾಸ್ತರರ ಹತ್ತಿರ ಇರುತ್ತದಲ್ಲ ಅಂಥದ್ದು. ಅದು ಯಾರ ಕೊರಳಲ್ಲಿದೆಯೋ ಅವರ ಕಣ್ಣು ನೀರಿನ ಮೇಲೆ. ಅವರ ಕೈಯಲ್ಲಿ ಫೋನ್ ಇಲ್ಲ, ಗ್ಲಾಸ್ ಇಲ್ಲ, ಮಾತೂ ಕಮ್ಮಿ. ಇಪ್ಪತ್ತು ನಿಮಿಷಕ್ಕೆ ಒಬ್ಬರಿಂದ ಇನ್ನೊಬ್ಬರ ಕೊರಳಿಗೆ. ಚೆನ್ನಾಗಿ ಈಜು ಬರುವ ದೊಡ್ಡವರಿಗೇ ಈ ಕೆಲಸ. ಪುಟ್ಟ ಮಕ್ಕಳಿದ್ದರೆ ವಿಶಲ್ ಸಾಲದು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವರ ಅಪ್ಪನೋ ಅಮ್ಮನೋ ನೀರಲ್ಲೇ ಇರಬೇಕು. ಗಾಳಿ ತುಂಬುವ ಟ್ಯೂಬ್ ಆಟದ ಸಾಮಾನು, ಜೀವ ಉಳಿಸೋದಲ್ಲ.

2024ರ ನವೆಂಬರ್‌ನಲ್ಲಿ ಉಳ್ಳಾಲದ ಹತ್ತಿರ ಒಂದು ರೆಸಾರ್ಟ್‌ನ ಪೂಲ್‌ನಲ್ಲಿ ನಿಮ್ಮೂರಿನ ಮೂವರು ಹುಡುಗಿಯರು ಹೋಗಿಬಿಟ್ಟರಲ್ಲ, ನೆನಪಿರಬಹುದು. ಒಬ್ಬಳಿಗೆ ಕಷ್ಟ ಆದಾಗ ಇನ್ನೊಬ್ಬಳು ಹಿಡಿಯಲು ಹೋದಳು, ಆಮೇಲೆ ಮೂರನೆಯವಳು. ಮೂವರಿಗೂ ಈಜು ಬರುತ್ತಿರಲಿಲ್ಲ. ನಾಲ್ಕೇ ಅಡಿ ಅಂತ ನೀವು ಅಂದುಕೊಳ್ಳಬಹುದು. ಆರು ವರ್ಷದ ಮಗುವಿಗೆ ಅದು ತಲೆ ಮುಳುಗುವ ಆಳ. ಈಜು ಬಾರದವರು ಮುಳುಗುತ್ತಿರುವವರ ಹಿಂದೆ ಹಾರಬಾರದು, ಏನಾದರೂ ಎಸೆಯಬೇಕು. ದಡದಲ್ಲಿ ಒಂದು ಉದ್ದ ಬಿದಿರು ಗಳ ಇಟ್ಟಿರಿ. ಐದು ಲೀಟರ್ ಎಣ್ಣೆಯ ಖಾಲಿ ಕ್ಯಾನ್‌ಗೆ ಮುಚ್ಚಳ ಬಿಗಿ ಮಾಡಿ ಹಗ್ಗ ಕಟ್ಟಿಡಿ. ನಮ್ಮ ಹಿರಿಯರು ಬಾವಿಯಲ್ಲಿ ಈಜು ಕಲಿಯುವಾಗ ಒಣಗಿದ ಸೋರೆ ಬುರುಡೆ ಕಟ್ಟಿಕೊಳ್ಳುತ್ತಿದ್ದರಲ್ಲ, ಅದರದ್ದೇ ಈ ಕಾಲದ ರೂಪ. ಮತ್ತೆ, ಒಂದು ಪೆಗ್ ಹಾಕಿದವರೂ ನೀರಿಗಿಳಿಯುವಂತಿಲ್ಲ. ಇದನ್ನು ಕರೆಯುವಾಗಲೇ ನಗುತ್ತಾ ಹೇಳಿಬಿಡಿ. ಅವತ್ತು ಹೇಳಿದರೆ ಜಗಳ.

ನೀರಿನ ಬಗ್ಗೆ. ಪಾರ್ಟಿಗೆ ಅಂತ ಇದ್ದ ನೀರು ಚೆಲ್ಲಿ ಹೊಸದು ತುಂಬಿಸಬೇಡಿ. ನಿಮ್ಮ ಅಳತೆಗೆ ಸುಮಾರು 22,600 ಲೀಟರ್ ಹಿಡಿಯುತ್ತದೆ, ಅಂದರೆ 12,000 ಲೀಟರ್‌ನ ಟ್ಯಾಂಕರ್ ಹತ್ತಿರ ಹತ್ತಿರ ಎರಡು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಪೂಲ್‌ಗೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ದಂಡ ಇರಲಿ ಬಿಡಲಿ, ಏಪ್ರಿಲ್‌ನಲ್ಲಿ ಅಷ್ಟು ನೀರು ಚೆಲ್ಲೋಕೆ ಮನಸ್ಸು ಬರೋದಿಲ್ಲ, ಅಲ್ವಾ? ಎರಡು ದಿನ ಮುಂಚಿನಿಂದ ಫಿಲ್ಟರ್ ಮೋಟರ್ ಜಾಸ್ತಿ ಹೊತ್ತು ಓಡಿಸಿ. ಕ್ಲೋರಿನ್ ಹಿಂದಿನ ರಾತ್ರಿ ಹಾಕಿ, ಹಗಲು ಹಾಕಿದರೆ ಬಿಸಿಲಿಗೇ ಅರ್ಧ ಹೋಗುತ್ತದೆ. ಮಧ್ಯಾಹ್ನ ನೀರು ಪರೀಕ್ಷಿಸುವ ಕಿಟ್‌ನಲ್ಲಿ ನೋಡಿದಾಗ ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8ರ ನಡುವೆ ಇದ್ದರೆ ಸರಿ. "ಕ್ಲೋರಿನ್ ವಾಸನೆ ಘಮ್ ಅಂತಿದೆ, ನೀರು ಕ್ಲೀನ್" ಅನ್ನುತ್ತಾರೆ. ಉಲ್ಟಾ. ಆ ಕಣ್ಣುರಿಸುವ ವಾಸನೆ ಬರೋದು ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದಾಗ. ಅದಕ್ಕೇ ಇಳಿಯುವ ಮುಂಚೆ ಎಲ್ಲರಿಗೂ ಎರಡು ಚೊಂಬು ನೀರು ಕಡ್ಡಾಯ. ತಲೆಗೆ ಎಣ್ಣೆ ಹಚ್ಚಿದವರಿಗೆ ನಾಲ್ಕು, ಜೊತೆಗೆ ಶಾಂಪೂ. ಇಲ್ಲದಿದ್ದರೆ ಮಾರನೇ ದಿನ ಟೈಲ್ಸ್ ಮೇಲೆ ಜಿಡ್ಡಿನ ಗೆರೆ ಉಜ್ಜೋದು ನೀವೇ.

ದೀಪದಲ್ಲಿ ಚೆಂದಕ್ಕಿಂತ ಮೊದಲು ವೈರ್ ನೋಡಿ. ನೀರೊಳಗಿನ ದೀಪ 12 ವೋಲ್ಟ್‌ನದ್ದಾಗಿರಲಿ. ಸೀರಿಯಲ್ ಸೆಟ್ಟನ್ನು ಕಾಂಪೌಂಡ್ ಗೋಡೆಗೆ, ಮರಕ್ಕೆ ಸುತ್ತಿ, ಪೂಲ್ ಮೇಲೆ ಅಡ್ಡ ಕಟ್ಟಬೇಡಿ. ಮನೆಯಲ್ಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ಕೇಳಿ, ಟೆಸ್ಟ್ ಬಟನ್ ಒತ್ತಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬೇಡ. ಟೇಬಲ್ ಫ್ಯಾನ್ ಒಂದಿರಲಿ, ದೂರದಲ್ಲಿ, ಕೂತವರ ಕಾಲಿನ ಕಡೆ ತಿರುಗಿಸಿ. ಗಾಳಿಗೆ ಸೊಳ್ಳೆ ಹಾರಲಾರದು, ಬತ್ತಿಗಿಂತ ಇದೇ ವಾಸಿ. ನೀರಿನ ಮೇಲೆ ಹೂವಿನ ದಳ ಚೆಲ್ಲುವ ಆಸೆ ಇದ್ದರೆ ಬಿಡಿ, ಎಲ್ಲ ಫಿಲ್ಟರ್‌ಗೆ ಹೋಗುತ್ತದೆ. ಈಜು ಮುಗಿದ ಮೇಲೆ ಬಾಳೆದಿಂಡನ್ನು ಎರಡು ಬೆರಳು ದಪ್ಪ ಬಿಲ್ಲೆ ಮಾಡಿ, ಮೇಲೆ ಪುಟ್ಟ ಮೇಣದ ದೀಪ ಇಟ್ಟು ತೇಲಿಬಿಡಿ. ಹತ್ತು ಬಿಲ್ಲೆ ಸಾಕು. ಮೋಟರ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಎಲ್ಲ ಒಂದೇ ಮೂಲೆಗೆ ಹೋಗಿ ನಿಲ್ಲುತ್ತವೆ.

ಊಟಕ್ಕೆ ಒಂದೇ ನಿಯಮ: ಗಾಜು ಹೊರಗೆ ಬರಬಾರದು. ಒಡೆದ ಗಾಜು ನೀರಲ್ಲಿ ಕಾಣೋದಿಲ್ಲ, ಕಾಲಿಗೇ ಸಿಗೋದು. ಸ್ಟೀಲ್ ಲೋಟ ಇದೆಯಲ್ಲ. ಒದ್ದೆ ಕೈಯಲ್ಲಿ ಚುರುಮುರಿ ಮೆತ್ತಗಾಗುತ್ತದೆ, ಚಿಪ್ಸ್ ಕೂಡ. ಕಡ್ಡಿಗೆ ಚುಚ್ಚಿದ ಪನೀರ್, ಕೆಂಡದ ಮೇಲೆ ಸುಟ್ಟ ಜೋಳ, ಪಡ್ಡು, ಕತ್ತರಿಸಿದ ಮಾವಿನಕಾಯಿಗೆ ಉಪ್ಪು ಖಾರ, ಇವು ಸರಿ. ತಿಂದು ಈಜಿದರೆ ಮುಳುಗ್ತಾರೆ ಅಂತ ಅಜ್ಜಿಯರು ಹೆದರಿಸೋದಕ್ಕೆ ಆಧಾರ ಸಿಕ್ಕಿಲ್ಲ, ಆದರೆ ಹೊಟ್ಟೆ ಬಿರಿಯ ತಿಂದು ಇಳಿದರೆ ವಾಂತಿ ಬರಬಹುದು. ದೊಡ್ಡ ಊಟ ಆಮೇಲಿರಲಿ.

ನೀರಿಂದ ಮೇಲೆ ಬಂದ ಆ ಹತ್ತು ನಿಮಿಷಕ್ಕೆ ತಯಾರಿ ಮಾಡಿಕೊಳ್ಳಿ. ಹೆಚ್ಚಿನವರು ಮರೆಯೋದು ಇದನ್ನೇ. ಒದ್ದೆ ಮೈಗೆ ಗಾಳಿ ತಗುಲಿದರೆ ಏಪ್ರಿಲ್‌ನಲ್ಲೂ ಹಲ್ಲು ಕಟಕಟ ಅನ್ನುತ್ತದೆ. ಗೀಸರ್ ಮೂರನೆಯವರಿಗೇ ಖಾಲಿ. ಹಿತ್ತಲಲ್ಲಿ ಹಂಡೆ ಇದ್ದರೆ ನಾಲ್ಕು ಗಂಟೆಗೇ ಉರಿ ಹಾಕಿ. ಒಬ್ಬರಿಗೆ ಒಂದೂವರೆ ಟವೆಲ್ ಲೆಕ್ಕ ಇಟ್ಟುಕೊಳ್ಳಿ. ಬಟ್ಟೆ ಬದಲಿಸುವ ಕೋಣೆಯ ದಾರಿಗೆ ಗೋಣಿಚೀಲ ಹಾಸಿ, ಪಾಲಿಶ್ ಗ್ರಾನೈಟ್ ಮೇಲೆ ಒದ್ದೆ ಕಾಲು ಅಂದರೆ ಮೂಳೆ ಡಾಕ್ಟರ ಹತ್ತಿರವೇ. ಟವೆಲ್ ಸುತ್ತಿಕೊಂಡು ಬಂದವರ ಕೈಗೆ ಒಂದೊಂದು ಲೋಟ ಮೆಣಸಿನ ಸಾರು ಕೊಡಿ. ಬೆಳ್ಳುಳ್ಳಿ ಜಜ್ಜಿ ಹಾಕಿ, ತುಪ್ಪದ ಒಗ್ಗರಣೆ ಕೊಟ್ಟು, ಹೊಗೆ ಆಡುವಂತಿರಬೇಕು. ಲೋಟ ಸುಡುತ್ತದೆ ಅಂತ ಟವೆಲ್ ಅಂಚಿನಲ್ಲಿ ಹಿಡಿದು ಊದಿ ಊದಿ ಕುಡೀತಾರೆ. ಆಫೀಸಿನ ಹುಡುಗರು ಮೂರು ಮೂರು ಲೋಟ ಕುಡಿದಿದ್ದಾರೆ, ನಾನೇ ನೋಡಿದ್ದೇನೆ. ಹಿಂದಿನಿಂದಲೇ ಬಿಸಿಬೇಳೆಭಾತು.

ಹಾಡು ಎಷ್ಟು ಬೇಕಾದರೂ ಹಾಕಿ, ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್. ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ನಿಯಮವೇ ಇದೆ. ಪಕ್ಕದ ಮನೆಯವರನ್ನು ಕರೆದುಬಿಟ್ಟರೆ ಅದಕ್ಕೆ ಮೊದಲಿನ ಸದ್ದಿಗೆ ದೂರೇ ಬರೋದಿಲ್ಲ ಅನ್ನೋದು ನನ್ನ ಅನುಭವ. ಆಮೇಲೆ ಅಂತ್ಯಾಕ್ಷರಿ, ಬಾಯಲ್ಲೇ.

ಎಲ್ಲರೂ ಹೊರಟ ಮೇಲೆ ನಿಮಗೆ ಸುಸ್ತಾಗಿರುತ್ತದೆ, ಆದರೂ ಮಲಗುವ ಮುಂಚೆ ಪೂಲ್ ಕಡೆಯ ಬಾಗಿಲಿಗೆ ಚಿಲಕ ಹಾಕಿ, ಏಣಿ ಎತ್ತಿಡಿ, ತೇಲುವ ಆಟದ ಸಾಮಾನೆಲ್ಲ ತೆಗೆಯಿರಿ. ಬೆಳಿಗ್ಗೆ ಬೇಗ ಎದ್ದ ಮಗುವನ್ನು ನೀರಿಗೆ ಎಳೆಯೋದು ಆ ಬಾತುಕೋಳಿಯೇ. ಕ್ಲೋರಿನ್ ಹಾಕಿ ಮೋಟರ್ ಆನ್ ಮಾಡಿ. ಬೆಳಿಗ್ಗೆ, ನೀರಿನ ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿರುವುದನ್ನು ಸುರಿಯುವ ಮುನ್ನ ಒಂದು ಸಲ ಕೈಯಾಡಿಸಿ ನೋಡಿ. ನಮಗೆ ಹೋದ ಸಲ ಸಿಕ್ಕಿದ್ದು ಎರಡು ಹೇರ್ ಕ್ಲಿಪ್ಪು, ಒಂದು ಓಲೆಯ ತಿರುಪು. ತಿರುಪು ಯಾರದ್ದು ಅಂತ ಗುಂಪಿನಲ್ಲಿ ಫೋಟೋ ಹಾಕಿದರೆ ಮೂವರು ನನ್ನದೇ ಅಂದರು.