ನಕ್ಷೆಯಲ್ಲಿ ಗುರು ಇಲ್ಲ ಸಾರ್

"ಸಾರ್, ಇದು ಡಿಫೆಕ್ಟ್ ಪೀಸ್ ಇರಬೇಕು. ಇದರಲ್ಲಿ ಗುರುನೇ ಇಲ್ಲ."

2024ರ ಡಿಸೆಂಬರ್, ರಾತ್ರಿ ಎಂಟು ಗಂಟೆ, ಶಾಲೆಯೊಂದರ ತಾರಸಿಯಲ್ಲಿ ನಾನು ನಡೆಸುತ್ತಿದ್ದ ಆಕಾಶವೀಕ್ಷಣೆ. ಹೇಳಿದವರು ಒಬ್ಬ ಇಂಜಿನಿಯರ್. ಆ ಹೊತ್ತಿಗೆ ಆಕಾಶದಲ್ಲಿ ಯಾವ ನಕ್ಷತ್ರ ಎಲ್ಲಿದೆ ಎಂದು ತೋರಿಸುವ ತಿರುಗುವ ನಕ್ಷೆ ಅವರ ಕೈಯಲ್ಲಿತ್ತು, ಅದರ ಬಿಲ್ಲೆಯನ್ನು ತಾರೀಕು, ಗಂಟೆಗೆ ಸರಿಯಾಗಿ ಕೂರಿಸಿದ್ದರು. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿದ್ದರು. ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು, ಅಷ್ಟು ಮಾಡುವವರೇ ಅಪರೂಪ. ಪೂರ್ವದಲ್ಲಿ, ಅವರ ಕಣ್ಣೆದುರಿಗೇ, ಗುರು ಗ್ರಹ ಹೊಳೆಯುತ್ತಿತ್ತು. ಅವರು ಮಾತ್ರ ಅದನ್ನು ಕಾಗದದಲ್ಲಿ ಹುಡುಕುತ್ತಿದ್ದರು.

ಪ್ರತಿ ಸಲವೂ ಇದೇ ಕಥೆ. ಮತ್ತೊಮ್ಮೆ ಹೇಳುತ್ತೇನೆ: ತಿರುಗುವ ನಕ್ಷೆಯಲ್ಲಿ ಗ್ರಹಗಳನ್ನು ಅಚ್ಚು ಹಾಕುವುದಿಲ್ಲ, ಹಾಕಲು ಆಗುವುದೂ ಇಲ್ಲ. ನಕ್ಷತ್ರಗಳ ಜಾಗ ನಮ್ಮ ಆಯುಷ್ಯದಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾಗದು. ಗ್ರಹಗಳು ಹಾಗಲ್ಲ. ಗುರು ಹೆಚ್ಚುಕಡಿಮೆ ವರ್ಷಕ್ಕೊಂದು ರಾಶಿ ದಾಟುತ್ತದೆ, ಶನಿಗೆ ಅಷ್ಟಕ್ಕೇ ಎರಡೂವರೆ ವರ್ಷ ಬೇಕು. ಊರಿನ ನಕ್ಷೆಯಲ್ಲಿ ರಸ್ತೆ ಬರೆಯುತ್ತಾರೆ, ಬಸ್ಸು ಬರೆಯುತ್ತಾರಾ? ಗ್ರಹಗಳ ರಸ್ತೆ ನಿಮ್ಮ ನಕ್ಷೆಯಲ್ಲಿದೆ. ತುಂಡುತುಂಡು ಗೆರೆಯಾಗಿ ಹಾಯುವ ಕ್ರಾಂತಿವೃತ್ತವೇ ಅದು.

ಹಾಗಾಗಿ ಕೆಲಸ ಉಲ್ಟಾ. ಮೊದಲು ಆಕಾಶ, ಆಮೇಲೆ ನಕ್ಷೆ. ಆ ಗೆರೆಯ ಆಸುಪಾಸಿನ ಹೊಳೆಯುವ ಚುಕ್ಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಮೇಲೆ ಇದೆ, ಕಾಗದದಲ್ಲಿ ಇಲ್ಲ ಅಂದರೆ ಅದೇ ಗ್ರಹ, ವಿಮಾನ ಆಗಿರದಿದ್ದರೆ. ಇಂಜಿನಿಯರ್‌ಗೂ ಹಾಗೇ ಮಾಡಿಸಿದೆ. ಕೃತ್ತಿಕೆಯ ಗೊಂಚಲು? ನಕ್ಷೆಯಲ್ಲಿದೆ. ಅದರ ಕೆಳಗೆ ಕೆಂಪಗಿರುವ ರೋಹಿಣಿ? ಅದೂ ಇದೆ. ಕೈ ಚಾಚಿ ಹಿಡಿದರೆ ಒಂದು ಮುಷ್ಟಿ ದೂರದೊಳಗೆ, ರೋಹಿಣಿಯ ಎಡಕ್ಕೆ, ಅದಕ್ಕಿಂತ ಜಾಸ್ತಿ ಹೊಳೆಯುವ ಇನ್ನೊಂದು? "ಇಲ್ಲ ಸಾರ್... ಅಯ್ಯೋ, ಇದೇನಾ!"

ಮನೆಯ ಪಂಚಾಂಗದಲ್ಲಿ ಗುರು ವೃಷಭದಲ್ಲಿದೆ ಎಂದು ಮೇ ತಿಂಗಳಿಂದಲೂ ಬರೆದಿತ್ತಂತೆ. ಮಗಳ ಗುರುಬಲಕ್ಕೆಂದು ಅದನ್ನು ನೋಡಿದ್ದರು, ಆಕಾಶಕ್ಕೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಧಾರಾಳವಾಗಿ ಪಂಚಾಂಗ ನೋಡಿಕೊಂಡು ಬನ್ನಿ, ನನಗೇನೂ ತಕರಾರಿಲ್ಲ. ರಾಶಿಯ ಗಡಿಯ ಹತ್ತಿರ ಮಾತ್ರ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು.

ಮಿನುಗದಿದ್ದರೆ ಗ್ರಹ ಎಂಬ ಮಾತನ್ನು ಪೂರ್ತಿ ನಂಬಬೇಡಿ. ದಿಗಂತಕ್ಕೆ ಹತ್ತಿರವಿದ್ದರೆ ಗ್ರಹಗಳೂ ಮಿನುಗುತ್ತವೆ. ರೋಹಿಣಿ, ಮಖಾ, ಚಿತ್ತಾ, ಜ್ಯೇಷ್ಠಾ ಈ ನಾಲ್ಕೂ ಅದೇ ರಸ್ತೆಯ ಬದಿಯಲ್ಲಿ ಕೂತು ಮೋಸ ಮಾಡುತ್ತವೆ. ಜ್ಯೇಷ್ಠಾ ಅಂತೂ ಮಂಗಳನ ಹಾಗೇ ಕೆಂಪು. ಗ್ರೀಕರು ಅದಕ್ಕೆ ಇಟ್ಟ ಅಂಟಾರೆಸ್ ಎಂಬ ಹೆಸರಿನ ಅರ್ಥವೇ ಮಂಗಳನ ಎದುರಾಳಿ. ಒಮ್ಮೆ ನಾನೇ ಮಾತಿನ ಭರದಲ್ಲಿ ಜ್ಯೇಷ್ಠಾ ಕಡೆ ಬೆರಳು ಮಾಡಿ, "ನೋಡಿ ಮಕ್ಕಳೇ, ಮಂಗಳ" ಅಂದಿದ್ದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ನಕ್ಷೆಯಿಂದ ತಲೆ ಎತ್ತಿ, "ಸಾರ್, ಅದು ಇದರಲ್ಲಿ ಇದೆಯಲ್ಲಾ?" ಅಂದಳು.